ಹುಣಸೆಹುಳಿಯಲ್ಲಿ ತಿಕ್ಕಿದ ಗಾಲಿಗಳು

ಅಣ್ಣಾ, ಆ ಗಾಲಿಗಳನ್ನು ಕೆಡಿಸಿದವನು ನಾನು. ವೈನಿ ಅಲ್ಲ. ವೈನಿ ಹೇಳಿಕೊಟ್ಟದ್ದೂ ಅಲ್ಲ. ನಾನೇ, ನನ್ನ ಕೈಯಾರೆ, ನನ್ನ ಸ್ವಂತ ಬುದ್ಧಿಯಿಂದ ತಿಕ್ಕಿದೆ. ಕೆಡಿಸಿದ ಮೇಲೆ ಅಪ್ಪನ ಮುಂದೆ, ನಿನ್ನ ಮುಂದೆ, ಗಿರಣಿಯ ಆಳುಗಳೆಲ್ಲರ ಮುಂದೆ ನಿಂತು ಅವರ ಹೆಸರು ಹೇಳಿದೆ. ಇಷ್ಟೇ ಮಾತು. ಬರೆಯಲಿಕ್ಕೆ ಒಂದು ನಿಮಿಷ ಹಿಡಿಯಲಿಲ್ಲ. ಹೇಳಲಿಕ್ಕೆ ಮಾತ್ರ ನಲವತ್ತು ವರ್ಷಕ್ಕೂ ಮೇಲಾಯಿತು — ಅದೂ ನೀನು ಹೋದ ಮೇಲೆ.

ನೀನು ಹೋಗಿ ಎಂಟು ತಿಂಗಳು. ಸತ್ತವನಿಗೆ ಕಾಗದ ಬರೆಯುವುದು ಹುಚ್ಚರ ಕೆಲಸ, ಗೊತ್ತದೆ. ಆದರೆ ಇದನ್ನು ಮನೆಯ ಮಕ್ಕಳು, ಮೊಮ್ಮಕ್ಕಳು ಎಲ್ಲ ಕೇಳಬೇಕು. ಅದಕ್ಕೇ ನಿನಗೆ ಗೊತ್ತಿದ್ದ ಸಂಗತಿಯನ್ನೂ ಒಂದೊಂದಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲಿನಿಂದಲೂ ನನ್ನ ಮಾತು ಉದ್ದ, ನಿನಗೆ ಗೊತ್ತೇ ಅದೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಮಿಶ್ರಿಕೋಟಿಯ ನಮ್ಮ ಅಕ್ಕಿ ಗಿರಣಿ ಅಗದಿ ಚಲೋ ನಡೆಯುತ್ತಿದ್ದ ಕಾಲ. ಅಪ್ಪ ಹುಬ್ಬಳ್ಳಿಯ ಒಬ್ಬ ವಕೀಲರಿಂದ ಅಂಬಾಸಿಡರ್ ಗಾಡಿ ತಂದ. ಅವರ ಮನೆಯಲ್ಲಿ ಅದು ಹಳೆಯದು, ನಮ್ಮ ಊರಲ್ಲಿ ಅದೇ ಹೊಸದು. ಕಡುನೀಲಿ ಮೈ, ಕೆನೆಬಣ್ಣದ ಗಾಲಿಗಳು, ಗಾಲಿಯ ನಡುವೆ ಮುಖ ಕಾಣುವಂಥ ಹೊಳೆಯುವ ಮುಚ್ಚಳ. ಬಿಸಿಲಿಗೆ ನಿಂತಾಗ ಒಳಗಿನ ರೆಕ್ಸಿನ್ ಸೀಟಿನಿಂದ ಬರುತ್ತಿದ್ದ ಆ ವಾಸನೆ ಈಗಲೂ ಎಲ್ಲಿಯಾದರೂ ಮೂಗಿಗೆ ಬಡಿದರೆ ನಾನು ನಿಂತುಬಿಡುತ್ತೇನೆ. ಬಾಗಿಲು ಹಾಕುವಾಗ ಮೇಲಕ್ಕೆ ಒಂದಿಷ್ಟು ಎತ್ತಿ ಹಾಕಬೇಕಿತ್ತು, ನೆನಪದೆಯೇ? ಎತ್ತದೆ ಹಾಕಿದವರಿಗೆ ಅಪ್ಪನ ಬೈಗಳು ತಪ್ಪುತ್ತಿರಲಿಲ್ಲ.

ತಿಂಗಳಿಗೊಮ್ಮೆ ನೀನು ಅಕ್ಕಿಯ ನಮೂನೆಗಳನ್ನು ಸಣ್ಣ ಸಣ್ಣ ಅರಿವೆಚೀಲದಲ್ಲಿ ಕಟ್ಟಿಕೊಂಡು ಘಟ್ಟ ಇಳಿದು ಅಂಕೋಲೆಯ ಕಡೆಗೆ ಹೋಗುತ್ತಿದ್ದೆ. ಇಳಿಯುವಾಗ ಬ್ರೇಕಿನ ಮೇಲೆ ಕಾಲು, ತಿರುವಿಗೊಮ್ಮೆ ಬ್ರೇಕು. ಮರಳಿ ಬಂದಾಗ ಕೆನೆಬಣ್ಣದ ಗಾಲಿಗಳ ಮೇಲೆ ಸುಟ್ಟ ಬೆಲ್ಲದ ಬಣ್ಣದ್ದೊಂದು ಪುಡಿ ಹತ್ತಿ ಕೂತಿರುತ್ತಿತ್ತು. ಘಟ್ಟದ ಹಸಿ, ಗ್ರೀಸು, ಧೂಳು ಎಲ್ಲ ಕೂಡಿ ಅದು ಗಟ್ಟಿಯಾಗಿರುತ್ತಿತ್ತು. ಗಾಡಿ ತೊಳೆಯುವ ಕೆಲಸ ನನ್ನದು. ಮೈಯೆಲ್ಲ ಫಳಫಳ ಮಾಡುತ್ತಿದ್ದೆ, ಗಾಲಿ ಮಾತ್ರ ನನ್ನನ್ನು ಸೋಲಿಸುತ್ತಿದ್ದವು. ಒಣ ಅರಿವೆಯಿಂದ ತಿಕ್ಕಿ ತಿಕ್ಕಿ ರಟ್ಟೆ ನೋಯುತ್ತಿತ್ತು, ಪುಡಿ ಬಿಡುತ್ತಿರಲಿಲ್ಲ.

ಆಮೇಲೆ ನಿನ್ನ ಮದುವೆಯಾಯಿತು. ನಮ್ಮ ಗಿರಣಿಯ ಇಂಜಿನ್ ಕೆಟ್ಟಾಗಲೆಲ್ಲ ಹುಬ್ಬಳ್ಳಿಯಿಂದ ಬರುತ್ತಿದ್ದ ಲಾರಿ ಗ್ಯಾರೇಜಿನ ಮಿಸ್ತ್ರಿಯ ಮಗಳು ಗೌರವ್ವ ನನಗೆ ವೈನಿಯಾಗಿ ಬಂದರು. ಬಂದು ಹದಿನೈದು ದಿನ ಆಗಿರಬೇಕು. ನೀನು ಘಟ್ಟದಿಂದ ಬಂದು ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದೆ. ನಾನು ಕೊಡ ಎತ್ತಿ ಗಾಲಿಗೆ ನೀರು ಸುರಿಯಲಿಕ್ಕೆ ನಿಂತಿದ್ದೆ. ಹೊಸ್ತಿಲ ಒಳಗಿನಿಂದ ಒಂದು ದನಿ ಬಂತು.

"ಈರಣ್ಣಾರ, ನಿಲ್ರಿ! ಬಿಸಿ ಗಾಲಿಗೆ ನೀರ ಹಾಕಬ್ಯಾಡ್ರಿ!"

ಪಡಸಾಲೆಯಲ್ಲಿ ಅಪ್ಪ ಕೂತಿದ್ದ. ಹೊಸ ಸೊಸೆ ಮಾವನ ಮುಂದೆ ಇಷ್ಟು ಗಟ್ಟಿಯಾಗಿ — ಅವ್ವನ ಮುಖ ಸಣ್ಣದಾಯಿತು. ಅಪ್ಪ ಮಾತ್ರ ಬೈಯಲಿಲ್ಲ. "ಯಾಕವಾ?" ಎಂದು ಕೇಳಿದ.

ವೈನಿ ಸೆರಗು ಸರಿಮಾಡಿಕೊಂಡು ಹೇಳಿದರು. "ಬ್ರೇಕ್ ಹಿಡದಾಗ ಒಳಗಿನ ಲೈನಿಂಗ್ ಸವದು ಪುಡಿ ಆಕ್ಕೈತ್ರಿ. ಕಬ್ಬಿಣದ ಪುಡಿನೂ ಕೂಡಿರತೈತಿ. ಗಾಲಿ ಕಾದಾಗ ಅದು ಬಣ್ಣಕ್ಕ ಹತ್ತಿ ಕೂಡತೈತಿ. ಕಾದ ಗಾಲಿಗೆ ತಣ್ಣೀರ ಬಿದ್ರ ಚಲೋ ಅಲ್ರಿ. ಒಣಾ ಅರಿವಿಲೆ ತಿಕ್ಕಿದ್ರ ಆ ಪುಡಿನ ಬಣ್ಣಾ ಗೀಚತೈತಿ. ನಮ್ಮಪ್ಪ ಹೇಳೂದು, ಗಾಲಿ ತೊಳಿಯೂದ್ರಾಗ ಅರ್ಧಾ ಕೆಲಸಾ ಕಾಯೂದು ಅಂತ."

ಆ ದಿನ ಅವರೇ ತೊಳೆದು ತೋರಿಸಿದರು. ಗಾಲಿ ಕೈಗೆ ತಂಪು ಹತ್ತುವ ತನಕ ಕಾದರು. ಮೊದಲು ಬರೀ ನೀರು ಹಾಕಿ ಮೇಲಿನ ಮಣ್ಣು ಕಳೆದರು. ಅಂಟವಾಳಕಾಯಿ ನೆನೆಸಿದ ನೊರೆಯಲ್ಲಿ ಹಳೆಯ ಧೋತರದ ಮೆತ್ತನೆ ತುಂಡು ಅದ್ದಿ, ಗಟ್ಟಿ ಹತ್ತಿದ ಕಡೆ ಹಾಸಿ ಬಿಟ್ಟರು, ಮಗುವಿನ ಹಣೆಗೆ ತಂಪು ಪಟ್ಟಿ ಹಾಕಿದ ಹಾಗೆ. ಅರ್ಧ ತಾಸು ಬಿಟ್ಟು ಒರೆಸಿದರೆ ಪುಡಿ ತಾನಾಗಿ ಅರಿವೆಗೆ ಬಂತು. ಗ್ರೀಸು ಉಳಿದಲ್ಲಿ ಅರಿವೆಯ ತುದಿಗೆ ನಾಲ್ಕು ಹನಿ ಚಿಮಣಿ ಎಣ್ಣೆ, ಕೂಡಲೇ ಮತ್ತೆ ನೊರೆ, ಮತ್ತೆ ನೀರು. ಒಂದು ಗಾಲಿ ಮುಗಿದ ಮೇಲೇ ಇನ್ನೊಂದು. ಕಡೆಗೆ ಒಣಗಿಸಿ, ಗಾಡಿಗೆ ಹಚ್ಚುವ ಮೇಣ ತೆಳ್ಳಗೆ ಸವರಿದರು, ಮುಂದಿನ ಸಲ ಪುಡಿ ಅಷ್ಟು ಬಿಗಿಯಾಗಿ ಹತ್ತಬಾರದೆಂದು. ತಿಕ್ಕಲೇ ಇಲ್ಲ ಅವರು! ನನಗೆ ಅದೇ ಆಶ್ಚರ್ಯ.

ಅಪ್ಪ ಎದ್ದು ಬಂದು ಗಾಲಿಯ ಸುತ್ತ ಒಂದು ಸುತ್ತು ಹಾಕಿದ. "ಮಿಸ್ತ್ರಿ ಮಗಳು ಅನ್ನೂದು ಸುಳ್ಳಲ್ಲ ನೋಡು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಇನ್ನ ಮ್ಯಾಲೆ ಗಾಲಿ ಆಕಿ ನೋಡಕೋಲಿ. ನೀ ನೀರ ತಂದ ಕೊಡು" ಎಂದ.

ನೀರು ತಂದು ಕೊಡುವುದು — ಅಲ್ಲಿಂದ ಶುರುವಾಯಿತು, ಅಣ್ಣಾ. ನಾನು ಪಿ.ಯು.ಸಿ.ಗೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದವನು. ಗಿರಣಿಯ ವ್ಯವಹಾರ ನಿನ್ನ ಕೈಯಲ್ಲಿತ್ತು. ಈ ಮನೆಯಲ್ಲಿ ಈರಣ್ಣನಿಗೆ ಏನು ಬರುತ್ತದೆ ಎಂದು ಯಾರಾದರೂ ಕೇಳಿದರೆ "ಗಾಡಿ ಬರತೈತಿ" ಎಂದು ಹೇಳಲಿಕ್ಕೆ ಅದೊಂದೇ ಇತ್ತು. ಇಪ್ಪತ್ತೊಂದು ವರ್ಷದ ಎತ್ತಿನಂಥ ಆಳು ನಾನು, ಹೊಟ್ಟೆಕಿಚ್ಚು ಪಟ್ಟದ್ದು ಯಾರ ಮೇಲೆ? ಬಂದ ದಿನದಿಂದ ನನ್ನ ತಾಟಿಗೆ ಎರಡು ರೊಟ್ಟಿ ಹೆಚ್ಚು ಹಾಕುತ್ತಿದ್ದ ವೈನಿಯ ಮೇಲೆ. ಥೂ, ನಾಚಿಕೆಗೇಡಿ!

ನೀನು ಅವರಿಗೆ ಗಾಡಿ ಹೊಡೆಯಲು ಕಲಿಸತೊಡಗಿದೆ. ಭತ್ತ ಒಣಹಾಕುವ ಗಿರಣಿಯ ಅಂಗಳದಲ್ಲಿ, ಆಳುಗಳು ಊಟಕ್ಕೆ ಹೋದ ಹೊತ್ತು ನೋಡಿ. ಸೆರಗು ಸೊಂಟಕ್ಕೆ ಬಿಗಿದು ಅವರು ಕೂತ ಭಂಗಿ ನನಗಿನ್ನೂ ಕಣ್ಣ ಮುಂದದೆ. ಒಂದು ದಿನ ಅಪ್ಪ ನೋಡಿಯೇಬಿಟ್ಟ. ನಾವೆಲ್ಲ ಇನ್ನೇನು ಸಿಡಿಲು ಬಿತ್ತು ಎಂದುಕೊಂಡೆವು. ಅಪ್ಪ ಸ್ವಲ್ಪ ಹೊತ್ತು ನಿಂತು ನೋಡಿ, "ಲೇ, ಗೇರ ಹಾಕೂದು ನಿನಗಿಂತ ಆಕೀಗೇ ಚಲೋ ಬರತೈತಲ್ಲೋ!" ಎಂದು ನಿನಗೇ ಹೇಳಿದ. ನೀನು ನಕ್ಕೆ. ಅವರು ಸ್ಟೇರಿಂಗಿನ ಮೇಲೆ ತಲೆಯಿಟ್ಟುಕೊಂಡು ನಕ್ಕರು.

ಆ ವರ್ಷ ಮಹಾನವಮಿಗೆ ಅಪ್ಪ ಎಲ್ಲರ ಮುಂದೆ ಹೇಳಿದ. "ಈ ಸಲ ಗಾಡಿ ಪೂಜಿ ಗೌರವ್ವನ ಕೈಲೆ ಆಗಲಿ. ಪೂಜಿ ಆದ ಮ್ಯಾಲೆ ಗಿರಣಿಯಿಂದ ಮನೀತನಕ ಆಕೀನ ಹೊಡಕೊಂಡ ಬರಲಿ. ನೋಡವರು ನೋಡ್ಲಿ." ನಮ್ಮ ಸುತ್ತಿನ ಹಳ್ಳಿಗಳಲ್ಲಿ ಒಬ್ಬ ಹೆಣ್ಣುಮಗಳು ಗಾಡಿ ಹೊಡೆದದ್ದನ್ನು ಆಗ ಯಾರೂ ಕಂಡಿರಲಿಲ್ಲ. ಆ ವಾರವಿಡೀ ವೈನಿಯ ಕಾಲು ನೆಲದ ಮೇಲೆ ಇರಲಿಲ್ಲ. ಮೂರು ಸಲ ನನ್ನನ್ನೇ ಕೇಳಿದರು — "ಈರಣ್ಣಾರ, ಊರ ಅಗಸಿ ಬಾಗಲ ಹತ್ರ ತಿರುಗೂವಾಗ ಎರಡನೇ ಗೇರ ಸಾಕಲ್ರೀ?" ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನು ಸಣ್ಣವನಾಗಬಾರದೆಂದು ಕೇಳಿದರು. ಇದು ನನಗೆ ತಿಳಿದದ್ದು ತಲೆ ಬೆಳ್ಳಗಾದ ಮೇಲೆ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನೀನು ಘಟ್ಟದಿಂದ ಬಂದೆ. ಗಾಡಿಯನ್ನು ನೇರ ಗಿರಣಿಯ ಅಂಗಳದಲ್ಲೇ ನಿಲ್ಲಿಸಿ ಮನೆಗೆ ಊಟಕ್ಕೆ ಬಂದೆ. ಹಿತ್ತಲಲ್ಲಿ ಅವ್ವ, ವೈನಿ ಕೂಡಿ ದೇವರ ಹಿತ್ತಾಳೆ ತಾಮ್ರದ ಭಾಂಡೆಗಳನ್ನು ತಿಕ್ಕಿ ಮುಗಿಸಿದ್ದರು. ಹುಣಸೆಹುಳಿ, ಉಪ್ಪು, ಇಟ್ಟಂಗಿ ಪುಡಿ, ತೆಂಗಿನ ನಾರು. ಕಪ್ಪಾಗಿದ್ದ ದೀಪದ ಸಮೆ, ತಂಬಿಗೆ, ಆರತಿತಾಟು ಎಲ್ಲ ಬಿಸಿಲಿಗೆ ಬಂಗಾರದ ಹಾಗೆ ಹೊಳೆಯುತ್ತಿದ್ದವು. ವೈನಿ ಹೂರಣಕ್ಕೆ ಬೇಳೆ ಇಡಲು ಒಳಗೆ ಹೋಗುತ್ತ ನನಗೆ ಹೇಳಿದರು — "ಗಾಲಿ ಆರ್ಲಿ. ಹೂರಣ ರುಬ್ಬಿಟ್ಟು ಸಂಜಿಮುಂದ ನಾನ ಬಂದ ತೊಳೀತೇನ್ರಿ. ನೀವು ಮುಟ್ಟಬ್ಯಾಡ್ರಿ."

ಮುಟ್ಟಬ್ಯಾಡ್ರಿ! ಅಷ್ಟೇ ಸಾಕಾಯಿತು ನನಗೆ. ಹೊಳೆಯುತ್ತಿದ್ದ ತಂಬಿಗೆ ನೋಡಿದೆ, ಉಳಿದ ಹುಣಸೆಹುಳಿಯ ಬಟ್ಟಲು ನೋಡಿದೆ. ತಾಮ್ರದ ಕಿಲುಬನ್ನು ತೆಗೆಯುವ ಹುಳಿ ಒಂದಿಷ್ಟು ಪುಡಿಯನ್ನು ತೆಗೆಯಲಾರದೇ? ಬಟ್ಟಲು, ಇಟ್ಟಂಗಿ ಪುಡಿ, ನಾರು ಎತ್ತಿಕೊಂಡು ಗಿರಣಿಗೆ ನಡೆದೆ. ಆಳುಗಳು ಒಳಗೆ ಮಷಿನ್ನುಗಳನ್ನು ಒರೆಸುತ್ತಿದ್ದರು, ಹೊರಗೆ ಯಾರೂ ಇರಲಿಲ್ಲ.

ಗಾಲಿ ಇನ್ನೂ ಬೆಚ್ಚಗಿದ್ದವು. ಹುಳಿ ಬಳಿದೆ, ಪುಡಿ ಉದುರಿಸಿದೆ, ನಾರಿನಿಂದ ತಿಕ್ಕಿದೆ. ಆಹಾ, ಬಂತು ನೋಡು! ವರ್ಷಗಟ್ಟಲೆ ನನ್ನನ್ನು ಆಟ ಆಡಿಸಿದ ಆ ಬೆಲ್ಲದ ಬಣ್ಣ ಕರಗಿ ಹರಿಯಿತು. ಖುಷಿಗೆ ಶಿಳ್ಳೆ ಹಾಕುತ್ತ ನಾಲ್ಕೂ ಗಾಲಿ ತಿಕ್ಕಿದೆ, ಮುಚ್ಚಳಗಳನ್ನೂ ಬಿಡಲಿಲ್ಲ. ನೀರು ಹಾಕಿದಾಗ ಎಲ್ಲ ಥಳಥಳ. ನೀರು ಆರಿದ ಮೇಲೆ ಬಗ್ಗಿ ನೋಡಿದೆ. ಕೆನೆಬಣ್ಣ ಸುಣ್ಣದ ಹಾಗೆ ಮಂಕಾಗಿತ್ತು. ಸುತ್ತಲೂ ಗೀರು, ಗೀರಿನ ಮೇಲೆ ಗೀರು. ಅಂಚಿನಲ್ಲಿ ಬಣ್ಣ ಹೋಗಿ ಕಬ್ಬಿಣ ಕಾಣುತ್ತಿತ್ತು. ಮುಚ್ಚಳದಲ್ಲಿ ನನ್ನ ಮುಖ ಕಾಣಲಿಲ್ಲ.

ಓಡಿ ಹೋಗಿ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಕೊಬ್ಬರಿ ಎಣ್ಣೆ ತಂದು ನಾಲ್ಕೂ ಗಾಲಿಗೆ ಬಳಿದೆ. ಮತ್ತೆ ಹೊಳಪು ಬಂತು. ಮನೆಗೆ ಬಂದು ವೈನಿಗೆ, "ನಾ ತೊಳದ ಬಂದೇನ್ರಿ, ನೀವು ಬರೂದ ಬ್ಯಾಡ" ಎಂದೆ.

ಅವರು ಹೂರಣದ ಕೈಯಲ್ಲೇ ತಿರುಗಿ ಕೇಳಿದರು. "ಗಾಲಿ ಆರಿದ್ವಲ್ರೀ?"

"ಹೂಂ."

"ಮೆತ್ತನ್ನ ಅರಿವಿನ ತಗೊಂಡ್ರಿಲ್ಲ?"

"ಹೂಂ ಅಂದೆನಲ್ರೀ."

"ಚಲೋ ಆತ ಬಿಡ್ರಿ, ನನಗೂ ಹೊತ್ತ ಸಿಕ್ಕಿದ್ದಿಲ್ಲ" ಎಂದು ನಕ್ಕು ಕೆಲಸಕ್ಕೆ ಹತ್ತಿದರು. ನಂಬಿದರು, ಅಣ್ಣಾ. ಹೋಗಿ ನೋಡಿ ಬರಬೇಕೆಂದೂ ಅವರಿಗೆ ಅನಿಸಲಿಲ್ಲ.

ಮರುದಿನ ಮುಂಜಾನೆ ಗಿರಣಿಯಲ್ಲಿ ಪೂಜೆ. ಮಷಿನ್ನುಗಳಿಗೆ ವಿಭೂತಿ, ಚೆಂಡುಹೂವಿನ ಮಾಲೆ. ವೈನಿ ಇಳಕಲ್ ಸೀರೆ ಉಟ್ಟು ಆರತಿತಾಟು ಹಿಡಿದು ಗಾಡಿಯ ಮುಂದೆ ನಿಂತಿದ್ದರು. ನಾನು ಬಳಿದ ಎಣ್ಣೆಗೆ ಗಿರಣಿಯ ತೌಡಿನ ಧೂಳು ಹತ್ತಿ ಗಾಲಿಗಳೆಲ್ಲ ಬೂಸಲು ಹಿಡಿದಂತೆ ಕಾಣುತ್ತಿದ್ದವು. ಅಪ್ಪ ಹೆಗಲ ಮೇಲಿನ ಟವೆಲಿನಿಂದ ಒಂದು ಗಾಲಿಯನ್ನು ಒರೆಸಿದ. ಒರೆಸಿದಲ್ಲಿ ಗೀರುಗಳು, ಅಂಚಿಗೆ ಕೆಂಪಗೆ ತುಕ್ಕು.

"ಇದೇನಲೇ ಇದು? ಯಾರ ಕೆಲಸ?"

ಗಾಲಿ ತೊಳೆದವನು ನಾನೆಂದು ಮನೆಯಲ್ಲಿ ಗೊತ್ತಿತ್ತು, ಎಲ್ಲರೂ ನನ್ನ ಕಡೆ ನೋಡಿದರು. ಬಾಯಿ ತಾನಾಗಿ ತೆರೆಯಿತು ಎಂದು ಹೇಳಲೇ? ಇಲ್ಲ, ನಾನೇ ತೆರೆದೆ. ಒಂದು ಉಸಿರಿನಷ್ಟು ಹೊತ್ತು ಯೋಚಿಸಿದೆ ಕೂಡ.

"ವೈನೀನ ಹೇಳಿದ್ರು. ಭಾಂಡಿ ತಿಕ್ಕೂ ಹುಣಸಿಹುಳಿ, ಇಟ್ಟಂಗಿ ಪುಡಿ ಹಚ್ಚಿ ತಿಕ್ಕ್ರಿ ಅಂತ."

ಆಳುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಂಥ ಸುಳ್ಳು ನೋಡು — ಕೇಳಿದ ಕೂಡಲೇ ಎಲ್ಲರಿಗೂ ಖರೆ ಅನಿಸುವಂಥದು. ಹೆಣ್ಣುಮಕ್ಕಳು ಹಿಂದಿನ ದಿನವಷ್ಟೇ ಭಾಂಡೆ ತಿಕ್ಕಿದ್ದನ್ನು ಎಲ್ಲರೂ ಕಂಡಿದ್ದರು. ಆ ಊರಿನಲ್ಲಿ ಹಾಗೆ ಹೇಳಲಾರದವರು ಒಬ್ಬರೇ ಇದ್ದರು, ಅವರ ಹೆಸರನ್ನೇ ನಾನು ಹೇಳಿದ್ದೆ.

"ನಾ ಹಂಗ ಹೇಳಿಲ್ಲರೀ" ಎಂದರು ವೈನಿ. ಒಂದೇ ಸಲ, ಮೆಲ್ಲಗೆ. ಹೇಳುವಾಗ ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ನಿನ್ನ ಕಡೆ ನೋಡಿದರು.

ನೀನು ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ, ನನಗೆ ಗೊತ್ತು. "ಹೋಗ್ಲಿ ಬಿಡಪಾ ಅಪ್ಪಾ. ಪಾಪ, ಗೊತ್ತಾಗಿರಲಿಕ್ಕಿಲ್ಲ ಆಕೀಗೆ. ಬಣ್ಣಾ ಹೊಡಸಿದ್ರಾತು." ನಿನ್ನದೇನು ತಪ್ಪು? ಒಡಹುಟ್ಟಿದ ತಮ್ಮ ಸುಳ್ಳು ಹೇಳುತ್ತಾನೆಂದು ಯಾವ ಅಣ್ಣ ಅಂದುಕೊಳ್ಳುತ್ತಾನೆ? ಆದರೆ ಆ ಮಾತಿಗೆ ವೈನಿಯ ಮುಖ — ಬೇಡ, ಅದನ್ನು ಬರೆಯಲಾರೆ. ಅಪ್ಪ ಬೈದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು.

ಅಪ್ಪ ನಿನ್ನಷ್ಟು ಮೆತ್ತಗಿರಲಿಲ್ಲ. "ಗಾಲಿ ತಿಕ್ಕಾಕ ಬರದವರ ಕೈಯಾಗ ಗಾಡಿ ಹೆಂಗ ಕೊಡೂದು? ಈರ್ಯಾ, ನೀ ಹೊಡಿ" ಎಂದು ಕೀಲಿಕೈಯನ್ನು ನನ್ನ ಅಂಗೈಯಲ್ಲಿ ಇಟ್ಟ. ನಾನು ಹೊಡೆದೆ. ವೈನಿ ಹಿಂದಿನ ಸೀಟಿನಲ್ಲಿ ಆರತಿತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಮನೆಯ ತನಕ ಕೂತು ಬಂದರು.

ಗಾಲಿಗೆ ಹೊಸ ಬಣ್ಣ ಬಂತು. ದೀಪಾವಳಿಯ ಹೊತ್ತಿಗೆ ಅಪ್ಪನ ಸಿಟ್ಟೂ ಇಳಿದಿತ್ತು. ನೀನೇ ಎರಡು ಸಲ ಕರೆದೆ, ಬಾ ಮತ್ತ ಕಲಿಯೂಣು ಎಂದು. "ಬ್ಯಾಡ್ರಿ, ನನಗ್ಯಾಕ ಬೇಕು ಅದು" ಎಂದರು. ಮತ್ತೆ ಒಂದು ದಿನವೂ ಸ್ಟೇರಿಂಗ್ ಮುಟ್ಟಲಿಲ್ಲ, ಗಾಲಿ ತೊಳೆಯಲಿಲ್ಲ. ಗಾಡಿ ಎಲ್ಲೋ ಕುಯ್ಯೆಂದು ಸದ್ದು ಮಾಡಿದರೆ ನಾವು ಗಂಡಸರು ತಲೆ ಕೆರೆದುಕೊಳ್ಳುತ್ತಿದ್ದೆವು. ಅವರಿಗೆ ಕಾರಣ ಗೊತ್ತಿರುತ್ತಿತ್ತು, ಕಿಟಕಿಯಿಂದ ನೋಡಿ ಒಳಗೆ ಹೋಗುತ್ತಿದ್ದರು.

ಆ ಸುಳ್ಳು ಅಲ್ಲಿಗೆ ನಿಲ್ಲಲಿಲ್ಲ. ಮನೆಯ ಚೇಷ್ಟೆಯಾಯಿತು. ಪ್ರತಿ ಹಬ್ಬಕ್ಕೂ ಹಿತ್ತಲಲ್ಲಿ ಭಾಂಡೆ ತಿಕ್ಕಲು ಕೂತಾಗ ನೀನು ಹೋಗಿ, "ಗಾಡಿ ಗಾಲಿನೂ ಬಿಚ್ಚಿ ತರ್ಲೇನ?" ಎಂದು ಕೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಬರಬರುತ್ತ ನಿನ್ನ ಮಕ್ಕಳು ನಕ್ಕರು, ನನ್ನ ಮಕ್ಕಳು ನಕ್ಕರು. ವೈನಿ ಸೆರಗನ್ನು ಬಾಯಿಗೆ ಇಟ್ಟುಕೊಂಡು ತಾವೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಅಣ್ಣಾ. ಅಷ್ಟು ವರ್ಷ, ಎಲ್ಲರಿಗಿಂತ ಗಟ್ಟಿಯಾಗಿ.

ಕಡೆಗೆ ನೀನು ದವಾಖಾನೆಯಲ್ಲಿ ಮಲಗಿದ್ದಾಗ ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಹಳೆಯ ಗಾಡಿಯ ಮಾತು ಬಂತು. ನೀನು ನಕ್ಕು, ಕೆಮ್ಮಿ, ಹೇಳಿದೆ — "ನಿಮ್ಮ ವೈನಿ ಪಾಪ, ಒಂದ ತಪ್ಪ ಮಾಡಿ ಜನ್ಮಾ ಪೂರ್ತಿ ನಗಿಸಿಕೊಂಡ್ಲು ನೋಡು." ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿನ್ನ ಕೈ ನನ್ನ ಕೈಯಲ್ಲೇ ಇತ್ತು. ನಾನು, "ಹೌದ ಬಿಡು" ಎಂದೆ. ಐದು ದಿನಕ್ಕೆ ನೀನು ಹೋದೆ.

ಹೋದ ವಾರ ವೈನಿಗೆ ಹೇಳಿದೆ. ಪಡಸಾಲೆಯಲ್ಲಿ ಮೊಮ್ಮಗುವಿಗೆ ಕೌದಿ ಹೊಲಿಯುತ್ತ ಕೂತಿದ್ದರು. ನಾನು ಎದುರು ಕೂತು ಎಲ್ಲ ಹೇಳಿದೆ, ಹುಳಿಯ ಬಟ್ಟಲಿನಿಂದ ದವಾಖಾನೆಯ ತನಕ. ಅವರು ಸೂಜಿ ನಿಲ್ಲಿಸಲಿಲ್ಲ.

"ಗೊತ್ತಿತ್ರಿ ಈರಣ್ಣಾರ. ಪೂಜಿ ದಿನಾ ನೀವು ಬಾಯಿ ತೆರಿಯೂಕಿಂತ ಮೊದಲ ನಿಮ್ಮ ಉಗುರಾಗ ಇಟ್ಟಂಗಿ ಪುಡಿ ಕೆಂಪಗ ಕಂಡಿತ್ತು."

"ಮತ್ತ ಯಾಕ ಹೇಳಲಿಲ್ರಿ, ವೈನಿ?"

"ಹೇಳಿದ್ನಲ್ರೀ. ನಾ ಹಂಗ ಹೇಳಿಲ್ಲ ಅಂದೆ. ಖರೇದನ್ನ ಎಷ್ಟ ಸಲಾ ಹೇಳೂದು?"

ನಾಲ್ಕು ಹೊಲಿಗೆ ಹಾಕಿ ಕೇಳಿದರು. "ನಿಮ್ಮಣ್ಣಾರಿಗೆ ಹೇಳಿದ್ರೇನ್ರಿ ಇದನ್ನ? ದವಾಖಾನ್ಯಾಗರ?"

"ಇಲ್ರಿ."

ಆಗ ಸೂಜಿ ನಿಂತಿತು. "ಅವರೊಬ್ಬರಿಗೆ ಹೇಳಿದ್ರ ಸಾಕಾಗಿತ್ರಿ. ಉಳದವರು ಏನ ಅನ್ಕೊಂಡ್ರೂ ನಡೀತಿತ್ತು. ಮಿಸ್ತ್ರಿ ಮಗಳು, ಆಕಿ ಹಂಗ ಹೇಳೂದಿಲ್ಲ ಅಂತ ಅವರ ಬಾಯಾಗ ಒಂದ ಸಲಾ ಬರ್ಲಿ ಅಂತ ಕಾದೆ." ಕೌದಿಯ ಅಂಚಿನಿಂದಲೇ ಕಣ್ಣು ಒರೆಸಿಕೊಂಡರು. ಆ ಪೂಜೆಯ ದಿನ ಅಳದ ಹೆಣ್ಣುಮಗಳು ಇಷ್ಟು ವರ್ಷಕ್ಕೆ ನನ್ನೆದುರು ಅತ್ತರು. ನಾನು ನೆಲ ನೋಡುತ್ತ ಕೂತೆ.

ಅದಕ್ಕೇ ಈ ಕಾಗದ. ನಾಡಿದ್ದು ಎಲ್ಲರೂ ಊರಿಗೆ ಬರುತ್ತಾರೆ. ಊಟಕ್ಕೆ ಕೂಡುವ ಮೊದಲು ಇದನ್ನು ಗಟ್ಟಿಯಾಗಿ ಓದುತ್ತೇನೆ. ವೈನಿ ಬೇಡವೆಂದಿದ್ದಾರೆ, "ಈಗ ಓದಿ ಏನ ಮಾಡ್ತೀರಿ" ಎಂದಿದ್ದಾರೆ. ಅವರು ಎದ್ದು ಒಳಗೆ ಹೋದರೂ ಓದುತ್ತೇನೆ. ನಿನ್ನ ಬಾಯಿಂದ ಬರಬೇಕಿದ್ದ ಆ ಒಂದು ಮಾತನ್ನು ನನ್ನ ಬಾಯಿಂದ ಹೇಳುತ್ತೇನೆ — ಅವರು ಕಾದದ್ದು ನನ್ನ ಬಾಯಿಗೆ ಅಲ್ಲ ಎಂದು ಗೊತ್ತಿದ್ದೂ.